ಕೊಟ್ಟಿಗೆ ಕೋಳಿಯ ಕ್ಯಾಸೆಟ್

ಟೇಪಣ್ಣನಿಗೆ ಹೆದರಿಕೆ ಮೊದಲು ಹೊಟ್ಟೆಯಲ್ಲಿ ಶುರುವಾಗುತ್ತಿತ್ತು. ಆಮೇಲೆ ನಾಲಿಗೆ ಒಣಗುತ್ತಿತ್ತು, ಕೊನೆಗೆ ಅಂಗೈ ಒದ್ದೆಯಾಗುತ್ತಿತ್ತು. ಡಿಸೆಂಬರ್ ಇಪ್ಪತ್ತರ ಬೆಳಿಗ್ಗೆ ಟೀವಿ ಕೇಂದ್ರದ ಮೀಟಿಂಗ್ ರೂಮಿನಲ್ಲಿ ಈ ಮೂರೂ ಒಂದೇ ಸಲಕ್ಕೆ ಆಗಿಹೋದವು.

ಆಗಿದ್ದು ಇಷ್ಟೇ. ಈ ಕ್ರಿಸ್‌ಮಸ್‌ಗೆ ಹಳೆಯ ಕಾರ್ಯಕ್ರಮಗಳಲ್ಲಿ ಯಾವುದನ್ನು ಮತ್ತೆ ನೋಡಬೇಕು ಎಂದು ಕೇಂದ್ರದವರು ಒಂದು ತಿಂಗಳಿಂದ ಜನರನ್ನು ಕೇಳುತ್ತಿದ್ದರು. ಕೇಂದ್ರದ ಮುಖ್ಯಸ್ಥೆ, ಎಲ್ಲರೂ ಮೇಡಂ ಎನ್ನುವವರು, ಬಂದ ಉತ್ತರಗಳ ಹಾಳೆ ಹಿಡಿದು ಓದಿದರು. ಹತ್ತಿಯ ಹಿಮದ ನಡುವೆ ನಿಂತು ಮಕ್ಕಳು ಹಾಡಿದ ಹಾಡುಗಳಿಗೆ ಅರವತ್ತು ಜನ ಬರೆದಿದ್ದರು. ಕೆಂಪಂಗಿ ಬಿಳಿಗಡ್ಡ ಹಾಕಿಕೊಂಡು, ಟೋಪಿಯಿಂದ ಮೊಲ ತೆಗೆಯಲು ಹೋಗಿ ಗಡ್ಡವನ್ನೇ ಕಳಚಿಕೊಂಡ ಜಾದೂಗಾರನಿಗೆ ನೂರಾ ಹತ್ತು. ಮಿಕ್ಕ ಒಂಬೈನೂರು ಚಿಲ್ಲರೆ ಕಾಗದ, ಫೋನು, ಎಲ್ಲವೂ ಒಂದಕ್ಕೇ ಬಂದಿದ್ದವು.

"ಕೊಟ್ಟಿಗೆ ಕೋಳಿ," ಅಂದರು ಮೇಡಂ. "ಇಪ್ಪತ್ತೈದನೇ ತಾರೀಖು ಸಂಜೆ ಆರಕ್ಕೆ ಹಾಕೋಣ. ಟೇಪಣ್ಣ, ಕಂಪ್ಯೂಟರಲ್ಲಿ ಫೈಲ್ ಇದೆ ತಾನೆ?"

"ಇದೆ ಮೇಡಂ."

ಇರಲಿಲ್ಲ.

ಸುಳ್ಳು ಹೇಳುವುದಕ್ಕೂ ಧೈರ್ಯ ಬೇಕು ಎನ್ನುವವರು ಈ ಮನುಷ್ಯನನ್ನು ನೋಡಿಲ್ಲ. ಧೈರ್ಯ ಇದ್ದವನು ಇಲ್ಲ ಅಂತ ಮುಖಕ್ಕೆ ಹೇಳಿ ಬೈಸಿಕೊಂಡು ಮನೆಗೆ ಹೋಗುತ್ತಿದ್ದ. ಟೇಪಣ್ಣ ಐವತ್ತು ವರ್ಷದಲ್ಲಿ ಹೇಳಿದ ಸುಳ್ಳುಗಳೆಲ್ಲ ಹೆದರಿಕೆಗೆ ತಾವಾಗಿ ಬಾಯಿಂದ ಉದುರಿದವು.

ಚಿಕ್ಕಂದಿನಿಂದಲೂ ಹಾಗೇ. ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನಾರು, ಆಗ ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಒಬ್ಬರ ಹಿಂದೊಬ್ಬರು ಹೋದರು. ಅಕ್ಕ ಹೊಲಿಗೆ ಮಿಷನ್ ತುಳಿದು ಅವನನ್ನು ಸಾಕಿದಳು. ಹುಡುಗ ಗುಡುಗಿಗೆ ಹೆದರುತ್ತಿದ್ದ, ನಾಯಿಗೆ ಹೆದರುತ್ತಿದ್ದ, ಮೇಷ್ಟ್ರಿಗೆ ಹೆದರುತ್ತಿದ್ದ, ಬಚ್ಚಲಿನ ಹಲ್ಲಿಗೆ ಹೆದರಿ ಸ್ನಾನವನ್ನೇ ಬಿಡುತ್ತಿದ್ದ. ಅಕ್ಕನ ಹತ್ತಿರ ಇದಕ್ಕೆ ಒಂದೇ ಔಷಧ, ಬೈಗುಳ. "ಹಲ್ಲಿ ನಿನ್ನ ನೋಡಿ ಓಡೋಗ್ತಾ ಇದೆಯೋ ಪೆದ್ದಣ್ಣ, ಅದಕ್ಕೆ ಇಲ್ಲದ ಮರ್ಯಾದೆ ನೀನ್ಯಾಕೆ ಕೊಡ್ತೀಯ? ನಡಿ ಒಳಗೆ!" ಎಂದು ಮಿಷನ್ ತುಳಿಯುತ್ತಲೇ ಕೂಗುತ್ತಿದ್ದಳು. ಆ ದನಿ ಕಿವಿಗೆ ಬಿದ್ದರೆ ಹುಡುಗನ ಹೊಟ್ಟೆಯ ನಡುಕ ನಿಲ್ಲುತ್ತಿತ್ತು. ಬೈಯುವವರು ಮನೆಯಲ್ಲಿದ್ದಾರೆ ಎಂದರೆ ಮನೆಯ ಬಾಗಿಲು ಭದ್ರವಾಗಿದೆ ಎಂದು ಅವನ ಲೆಕ್ಕ.

ಟೀವಿ ಕೇಂದ್ರಕ್ಕೆ ಮೊದಲು ಸೇರಿದ್ದು ಅಕ್ಕನೇ, ಗೊಂಬೆಗಳ ಬಟ್ಟೆ ಹೊಲಿಯಲು. ತಮ್ಮನಿಗೆ ಇಪ್ಪತ್ತನಾಲ್ಕಾದಾಗ ಅವನನ್ನೂ ಎಳೆದುಕೊಂಡು ಹೋಗಿ ಒಳಗೆ ಸೇರಿಸಿದಳು. ಒಂದಷ್ಟು ದಿನ ಕೇಬಲ್ ಎಳೆದ, ಆಮೇಲೆ ಕ್ಯಾಸೆಟ್ ಹಾಕುವ ಕೋಣೆಗೆ ಬಂದ, ಅಲ್ಲೇ ಟೇಪಣ್ಣನಾದ. ನಡುವೆ ಒಮ್ಮೆ ಮದುವೆ ಮಾತು ಬಂದಿತ್ತು. ಹುಡುಗಿಯ ಅಣ್ಣ "ಏನು ಕೆಲಸ?" ಎಂದು ಕೇಳಿದ್ದಕ್ಕೆ ಇವನು ಬೆವೆತು "ಇಲ್ಲ" ಅಂದುಬಿಟ್ಟ. ಅಲ್ಲಿಗೆ ಅದು ಮುಗಿಯಿತು. ಅಕ್ಕ ತಮ್ಮ ಇಬ್ಬರೇ ಎರಡು ಕೋಣೆಯ ಮನೆಯಲ್ಲಿ ಉಳಿದರು.

ಕೊಟ್ಟಿಗೆ ಕೋಳಿ ಹುಟ್ಟಿದ್ದು ಅವನು ಕೆಲಸಕ್ಕೆ ಸೇರಿದ ವರ್ಷ. ಕ್ರಿಸ್‌ಮಸ್ ಕಥೆಯ ಕೂಸು ಹುಟ್ಟಿದ ಕೊಟ್ಟಿಗೆಯಲ್ಲಿ ಒಂದು ಮುದಿ ಕೋಳಿ ಇರುತ್ತದೆ, ಬಂದವರಿಗೆಲ್ಲ ಅದರ ಕಾಟ. ನಲವತ್ತೇಳು ನಿಮಿಷದ ಗೊಂಬೆಯಾಟ. ರೆಕಾರ್ಡಿಂಗ್ ದಿನ ಕೋಳಿಗೆ ದನಿ ಕೊಡಬೇಕಾದ ನಟಿ ನೆಗಡಿ ಎಂದು ಬರಲಿಲ್ಲ. ಅಕ್ಕ ಬಾಯಲ್ಲಿ ಸೂಜಿ ಕಚ್ಚಿಕೊಂಡು ರಾಜನ ಗೊಂಬೆಯ ಅಂಚು ಹೊಲಿಯುತ್ತಿದ್ದಳು, ಕ್ಯಾಮೆರಾದವನು ಆ ಬಟ್ಟೆ ತುಳಿದ. ಸೂಜಿ ಬಾಯಿಂದ ತೆಗೆದು ಅವಳು ಅವನಿಗೆ ಮಾಡಿದ ಮಂಗಳಾರತಿ ಕೇಳಿ ನಿರ್ದೇಶಕರು ಎದ್ದು ನಿಂತು, "ಅಮ್ಮಾ, ಇದನ್ನೇ ಮೈಕಿನ ಮುಂದೆ ಬಂದು ಹೇಳಿ," ಅಂದರು. ಹಾಗೆ ಕೋಳಿಗೆ ದನಿ ಬಂತು. ಕಿರೀಟ ಇಟ್ಟುಕೊಂಡು ಮೂವರು ರಾಜರು ಕೂಸನ್ನು ನೋಡಲು ಬಾಗಿಲಿಗೆ ಬಂದರೆ ಕೋಳಿ, "ಕಾಲು ಒರೆಸ್ಕೊಂಡು ಬನ್ನಿ! ರಾಜ ಆದ್ರೆ ನಿಮ್ಮನೇಲಿ! ಈಗಷ್ಟೇ ಗುಡಿಸಿದ್ದೀನಿ!" ಎನ್ನುತ್ತಿತ್ತು. ಊರಿನ ಮಕ್ಕಳೆಲ್ಲ ಮನೆಗೆ ಬಂದ ನೆಂಟರಿಗೆ ಅದನ್ನೇ ಹೇಳಿ ಏಟು ತಿಂದರು. ಹದಿನೇಳು ವರ್ಷ ಪ್ರತಿ ಕ್ರಿಸ್‌ಮಸ್‌ಗೂ ಅದೇ ಆಟ. ಕೋಳಿ ಬೈಯದೆ ಹಬ್ಬವಾಗುತ್ತಿರಲಿಲ್ಲ.

ಆಮೇಲೆ ಒಂಬತ್ತು ವರ್ಷದ ಹಿಂದೆ ಕಂಪ್ಯೂಟರ್ ಬಂತು. ಕಪಾಟಿನಲ್ಲಿರುವ ಕ್ಯಾಸೆಟ್ಟೆಲ್ಲ ಓಡಿಸಿ ಕಂಪ್ಯೂಟರಿಗೆ ಕಾಪಿ ಮಾಡಿ ಎಂದು ಮೇಲಿನಿಂದ ಆರ್ಡರ್ ಆಯಿತು. ಟೇಪಣ್ಣನ ಕೈಗೆ ಒಂದು ಪಟ್ಟಿ ಕೊಟ್ಟರು. ಆದದ್ದಕ್ಕೆ ಟಿಕ್ ಹಾಕಬೇಕು. ನೂರಾ ಹದಿನೆಂಟನೇ ನಂಬರು ಕೋಳಿ. ಮಿಷನ್‌ಗೆ ಹಾಕಿ ಒಂದು ನಿಮಿಷ ಆಗಿರಲಿಲ್ಲ, ಟೇಪು ಕಿರ್ರೋ ಎಂದು ಕಿರುಚಿತು. ತೆರೆಯ ಮೇಲೆ ಬಿಳಿ ಗೆರೆ ಬಂದವು. ಟೇಪಣ್ಣ ಸ್ಟಾಪ್ ಒತ್ತಿ ಕ್ಯಾಸೆಟ್ ಹೊರಗೆಳೆದ. ಟೇಪು ಉಜ್ಜಿಕೊಂಡು ಹೋಗುವ ಮಿಷನ್ನಿನ ಹೆಡ್ ಮೇಲೆ ಕಂದು ಪುಡಿ ಮೆತ್ತಿಕೊಂಡಿತ್ತು. ಟೇಪಿನ ಮೈ ಬೆರಳಿಗೆ ಅಂಟುತ್ತಿತ್ತು. ಇನ್ನೊಂದು ಸಲ ಹಾಕಿ ಅದು ತನ್ನ ಕೈಯಲ್ಲೇ ಹರಿದುಹೋದರೆ? ಊರಿಗೆ ಊರೇ ಕೇಳುತ್ತದೆ, ಅಕ್ಕ ಕೇಳುತ್ತಾಳೆ. ಆಗಷ್ಟೇ ಒಳಗೆ ಬಂದ ಎಂಜಿನಿಯರ್, "ಏನಪ್ಪಾ, ನೂರಾ ಹದಿನೆಂಟು ಆಯ್ತಾ?" ಎಂದ. "ಆಯ್ತು ಸಾರ್," ಎಂದು ಟೇಪಣ್ಣ ಟಿಕ್ ಹಾಕಿದ. ನಾಳೆ ಒರೆಸಿ ನಿಧಾನವಾಗಿ ಮಾಡಿದರಾಯಿತು ಎಂದುಕೊಂಡ. ಆ ನಾಳೆ ಒಂಬತ್ತು ವರ್ಷ ಬರಲಿಲ್ಲ. ಆ ವರ್ಷದಿಂದ ಹಬ್ಬಕ್ಕೆ ಹೊರಗಿನಿಂದ ಕೊಂಡುತಂದ ಕಾರ್ಟೂನು ಹಾಕಲು ಶುರು ಮಾಡಿದರು, ಕೋಳಿಯನ್ನು ಯಾರೂ ಕೇಳಲಿಲ್ಲ. ಟೇಪಣ್ಣ ಬಚಾವ್ ಎಂದು ಉಸಿರು ಬಿಟ್ಟ.

ಮೂರು ವರ್ಷ ಕಳೆದ ಮೇಲೆ ಅಕ್ಕನ ಗಂಟಲಲ್ಲಿ ಗಡ್ಡೆ ಎಂದು ಗೊತ್ತಾಯಿತು. ಆಪರೇಷನ್ ಮಾಡಿ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಈಗ ಅಕ್ಕ ಮಾತಾಡುವುದು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ. ಮಿಷನ್ ಪಕ್ಕ ಒಂದು ಕಪ್ಪು ಬಟ್ಟೆಯ ತುಂಡು ಹಾಸಿಕೊಂಡಿದ್ದಾಳೆ, ಅದರ ಮೇಲೆ ಬರೆದು, ಕೊಡವಿ, ಮತ್ತೆ ಬರೆಯುತ್ತಾಳೆ. ಅವಳ ದನಿ ಈ ಭೂಮಿಯ ಮೇಲೆ ಉಳಿದಿದ್ದರೆ ಅದು ನೂರಾ ಹದಿನೆಂಟನೇ ಕ್ಯಾಸೆಟ್ಟಿನಲ್ಲಿ. ಅಕ್ಕ ಮಾತ್ರ ಅದು ಕಂಪ್ಯೂಟರಿನಲ್ಲಿ ಭದ್ರವಾಗಿದೆ ಎಂದು ನಂಬಿದ್ದಳು. ಹಾಗೆಂದು ಅವಳಿಗೆ ಹೇಳಿದವನು ಇದೇ ಮಹಾರಾಯ.

ಮೀಟಿಂಗ್ ಮುಗಿದ ಮೇಲೆ ಎರಡು ದಿನ ಟೇಪಣ್ಣನಿಗೆ ಅನ್ನ ಇಳಿಯಲಿಲ್ಲ. ಯಾರಾದರೂ ಹಿಂದೆ ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡಿರಬಹುದೇ ಎಂದು ಸಿಕ್ಕಸಿಕ್ಕವರನ್ನು ವಿಚಾರಿಸಿದ. ಕನ್ನಡಕದ ಅಂಗಡಿಯವನ ಮುಖ ಅರಳಿತು.

"ಇತ್ತು ಕಣಯ್ಯ, ನಮ್ಮಲ್ಲಿತ್ತು! ಅದರ ಮೇಲೆ ನನ್ನ ಮದುವೆ ರೆಕಾರ್ಡ್ ಮಾಡಿಸ್ದೆ. ಮೊದಲು ಎರಡು ಸೆಕೆಂಡು ಕೋಳಿ ಬೈಯುತ್ತೆ, ಆಮೇಲೆ ನನ್ನ ಹೆಂಡ್ತಿ ಬರ್ತಾಳೆ. ಬೇಕಾ?"

ಬೇಡವಾಗಿತ್ತು.

ಅಂಟಾದ ಹಳೇ ಟೇಪಿಗೆ ಒಂದೇ ದಾರಿ ಎಂದು ಎಂಜಿನಿಯರ್ ಯಾರಿಗೋ ಹೇಳುವಾಗ ಟೇಪಣ್ಣ ಕೇಳಿಸಿಕೊಂಡಿದ್ದ. ಟೇಪಿನ ಅಂಟು ಗಾಳಿಯ ಪಸೆ ಕುಡಿದಿರುತ್ತದೆ, ಅದನ್ನು ಎಂಟು ಗಂಟೆ ಹದವಾದ ಬಿಸಿಯಲ್ಲಿ ಒಣಗಿಸಬೇಕು. ಬಿಸಿ ಐವತ್ತೆರಡು ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ಕಮ್ಮಿಯಾದರೆ ಅಂಟು ಹೋಗುವುದಿಲ್ಲ, ಹೆಚ್ಚಾದರೆ ಟೇಪು ಸುಕ್ಕಾಗುತ್ತದೆ. ಒಣಗಿದ ಮೇಲೆ ಒಂದು ಸಲ ಓಡಬಹುದು, ಎರಡನೇ ಸಲಕ್ಕೆ ಗ್ಯಾರಂಟಿ ಇಲ್ಲ. ಎಂಜಿನಿಯರನ್ನೇ ಹೋಗಿ ಕೇಳಿದ್ದರೆ ಅರ್ಧ ಗಂಟೆಯ ಮಾತು. ಕೇಳಿದರೆ ಟಿಕ್ಕಿನ ವಿಷಯ ಹೊರಗೆ ಬರುತ್ತದಲ್ಲ! ಕ್ಯಾಸೆಟ್ಟನ್ನು ಅಂಗಿಯೊಳಗೆ ಇಟ್ಟುಕೊಂಡು ಗೇಟು ದಾಟಿದ. ಕಾವಲಿನವನು "ಏನು, ಹೊಟ್ಟೆ ಮುಂದೆ ಬಂದಿದೆ?" ಎಂದು ತಮಾಷೆ ಮಾಡಿದಾಗ ಟೇಪಣ್ಣನ ಜೀವ ಬಾಯಿಗೆ ಬಂತು.

ಇಪ್ಪತ್ತಮೂರನೇ ತಾರೀಖು ರಜೆ. ಬೆಳಿಗ್ಗೆ ಎಂಟಕ್ಕೆ ಒಳಕೋಣೆಯಲ್ಲಿ ಹಳೇ ಸ್ಪೀಕರಿನ ಮರದ ಪೆಟ್ಟಿಗೆ ಇಟ್ಟು, ಒಳಗೆ ಎರಡು ಬಲ್ಬು, ಕೆಟ್ಟ ಕಂಪ್ಯೂಟರಿನಿಂದ ತೆಗೆದ ಪುಟ್ಟ ಫ್ಯಾನು, ನಡುವೆ ಕ್ಯಾಸೆಟ್ಟು ಇಟ್ಟು ಮುಚ್ಚಳ ಹಾಕಿದ. ಮುಚ್ಚಳದ ತೂತಿನಿಂದ ಥರ್ಮಾಮೀಟರ್ ಮೇಲೆ ಚಾಚಿತ್ತು. ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ನಲವತ್ತೆಂಟು. ಐವತ್ತು. ಐವತ್ತೆರಡು. ಐವತ್ತಮೂರಾದರೆ ಮುಚ್ಚಳ ಕೂದಲೆಳೆಯಷ್ಟು ಸರಿಸುವನು, ಐವತ್ತೊಂದಾದರೆ ಮುಚ್ಚುವನು. ಮನೆಗೆ ಬೆಂಕಿ ಬಿದ್ದರೆ ಎಂದು ಹೆದರಿ ಒಂದು ಬಕೆಟ್ ನೀರು ತಂದಿಟ್ಟುಕೊಂಡ. ನೀರಿನ ಪಸೆ ಟೇಪಿಗೆ ಹೋದರೆ ಎಂದು ಹೆದರಿ ಬಕೆಟ್ ವಾಪಸ್ ಇಟ್ಟು ಬಂದ.

ಹನ್ನೊಂದರ ಹೊತ್ತಿಗೆ ಬಲ್ಬುಗಳು ಇದ್ದಕ್ಕಿದ್ದಂತೆ ಮಂಕಾದವು. ಪಾದರಸ ಇಳಿಯತೊಡಗಿತು. ಐವತ್ತು, ನಲವತ್ತೊಂಬತ್ತು, ನಲವತ್ತೇಳು. ಟೇಪಣ್ಣನಿಗೆ ಹೊಳೆಯಿತು: ಆಚೆ ಕೋಣೆಯಲ್ಲಿ ಅಕ್ಕ ಇಸ್ತ್ರಿಪೆಟ್ಟಿಗೆ ಹಾಕಿದ್ದಾಳೆ. ಈ ಮನೆಯ ಕರೆಂಟು ಎರಡನ್ನೂ ತಡೆಯುವುದಿಲ್ಲ.

"ಇಸ್ತ್ರಿ ಆರಿಸೇ!" ಎಂದು ಅರಚಿದ.

ಆ ಮನೆಯಲ್ಲಿ ಅವನು ಯಾವತ್ತೂ ಅರಚಿದವನಲ್ಲ. ಅಕ್ಕ ಇಸ್ತ್ರಿ ಆರಿಸಿ ನೇರ ಒಳಗೆ ಬಂದಳು. ಪೆಟ್ಟಿಗೆ ನೋಡಿದಳು, ಥರ್ಮಾಮೀಟರ್ ನೋಡಿದಳು, ತಮ್ಮನ ಬೆವೆತ ಮುಖ ನೋಡಿದಳು. ಮುಚ್ಚಳ ಓರೆ ಮಾಡಿ ಒಳಗೆ ಇಣುಕಿದಳು. ಕ್ಯಾಸೆಟ್ಟಿನ ಚೀಟಿಯ ಮೇಲೆ ನೂರಾ ಹದಿನೆಂಟು, ಕೊಟ್ಟಿಗೆ ಕೋಳಿ ಎಂದು ಬರೆದಿತ್ತು. ಅದು ಟೇಪಣ್ಣನದೇ ಅಕ್ಷರ.

"ಅಕ್ಕ, ಮುಚ್ಚಳ ಮುಚ್ಚೇ, ಬಿಸಿ ಹೋಗುತ್ತೆ," ಎಂದವನು ಅಲ್ಲೇ ನೆಲದ ಮೇಲೆ ಕೂತು ಎಲ್ಲ ಕಕ್ಕಿದ. ಟಿಕ್ ಹಾಕಿದ್ದು, ನಾಳೆ ಅಂದದ್ದು, ಮೇಡಂಗೆ ಇದೆ ಅಂದದ್ದು.

ಅಕ್ಕ ಹೋಗಿ ಕಪ್ಪು ಬಟ್ಟೆ ತಂದಳು. ಸೀಮೆಸುಣ್ಣ ಎರಡು ಸಲ ಮುರಿಯಿತು. "ನನ್ನ ಗಂಟಲು ಹೋಗಿತ್ತು. ನಿನ್ನದು ಇತ್ತಲ್ಲ? ಯಾಕೋ ಬಾಯಿ ಬಿಡಲಿಲ್ಲ?" ಎಂದು ಬರೆದಳು. ಕೊಡವಿದಳು. "ಒಂಬತ್ತು ವರ್ಷ!" ಎಂದು ಬರೆದಳು. ಆಮೇಲೆ ಒಂದಷ್ಟು ಹೊತ್ತು ಬರೆದದ್ದನ್ನು ಇಲ್ಲಿ ಹೇಳುವಂತಿಲ್ಲ. ಟೇಪಣ್ಣ ಒಂದೊಂದನ್ನೂ ಓದಿದ. ಹೆದರಿಕೆ ಗುಲಗಂಜಿ ತೂಕವೂ ಇಳಿಯಲಿಲ್ಲ. ಬೈಗುಳ ಓದಿದರೆ ಏನೂ ಆಗುವುದಿಲ್ಲ, ಅದು ಕಿವಿಗೆ ಬೀಳಬೇಕು. ಆ ದನಿ ಇದ್ದದ್ದು ಆ ಮರದ ಪೆಟ್ಟಿಗೆಯೊಳಗೆ, ಎರಡು ಬಲ್ಬಿನ ಮಧ್ಯೆ.

ಕೊನೆಗೆ ಅಕ್ಕ ಬರೆದಳು: "ಟೇಪು ಹಾಕೋ ಮೊದಲು ಮೇಡಂಗೆ ಹೇಳಬೇಕು. ನಾನೂ ಬರ್ತೀನಿ." ಆಮೇಲೆ ಸ್ಟೂಲು ಎಳೆದುಕೊಂಡು ಥರ್ಮಾಮೀಟರಿನ ಮುಂದೆ ಕೂತಳು. ಪಾದರಸ ಸ್ವಲ್ಪ ಅಲ್ಲಾಡಿದರೆ ಕತ್ತರಿಯಿಂದ ಸ್ಟೂಲಿಗೆ ಟಕ್ ಎಂದು ಬಡಿಯುವಳು, ತಮ್ಮ ಮುಚ್ಚಳ ಸರಿಸುವನು. ಸಂಜೆ ನಾಲ್ಕರವರೆಗೆ ಅದೇ.

ಮರುದಿನ ಬೆಳಿಗ್ಗೆ ಮೇಡಂ ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಂದ್ರೆ ಫೈಲ್ ಇಲ್ಲ."

"ಇಲ್ಲ ಮೇಡಂ."

"ನಾಲ್ಕು ದಿನದಿಂದ ಟೀವೀಲಿ ಗಂಟೆಗೊಂದ್ಸಲ ಕೋಳಿ ಬರುತ್ತೆ ಕೋಳಿ ಬರುತ್ತೆ ಅಂತ ಹೇಳಿಸ್ತಿದ್ದೀನಲ್ಲ, ನೀವು ಕೇಳಿಸ್ಕೊಂಡು ಸುಮ್ನೆ ಇದ್ರಿ?"

ಮೇಡಂ ಬಾಗಿಲ ಬಳಿ ನಿಂತಿದ್ದ ಅಕ್ಕನ ಕಡೆ ನೋಡಿದರು. ಅವಳ ಕುತ್ತಿಗೆಗೆ ಸುತ್ತಿದ್ದ ಬಟ್ಟೆ ನೋಡಿ ಕನ್ನಡಕ ಮತ್ತೆ ಹಾಕಿಕೊಂಡರು.

"ಮೊದಲು ಟೇಪ್ ಹಾಕಿ. ನಿಮ್ಮ ವಿಚಾರ ಹಬ್ಬ ಆದ್ಮೇಲೆ," ಅಂದರು.

ಎಂಜಿನಿಯರ್ ಹಳೇ ಮಿಷನ್ನಿನ ಹೆಡ್ ಒರೆಸಿ, ಟೇಪು ಓಡುವಾಗಲೇ ಕಾಪಿಯಾಗಲಿ ಎಂದು ಕಂಪ್ಯೂಟರಿಗೆ ತಂತಿ ಜೋಡಿಸಿದ. "ಮನೇಲಿ ಬಲ್ಬ್ ಹಾಕಿ ಒಣಗಿಸಿದ್ಯಾ? ಪುಣ್ಯಕ್ಕೆ ಮೊಟ್ಟೆ ಇಡಲಿಲ್ಲ ನಿನ್ನ ಕೋಳಿ," ಎಂದ. ಅಕ್ಕನಿಗೆ ಕುರ್ಚಿ ಹಾಕಿಕೊಟ್ಟ. ಟೇಪಣ್ಣ ಪ್ಲೇ ಒತ್ತಿದ.

ಚಿತ್ರ ಬಂತು. ಹುಲ್ಲು, ದನಕ್ಕೆ ಮೇವು ಹಾಕುವ ಗೋದಲಿ, ಮೂಲೆಯಲ್ಲಿ ಕೋಳಿ. ಕೋಳಿ ಕೊಕ್ಕು ತೆಗೆಯಿತು.

"ಯಾರೋ ಅದು ಬಾಗಿಲು ಹಾಕದೆ ಹೋದೋರು? ಕೊಟ್ಟಿಗೇಲಿ ಹುಟ್ಟಿದೋರೇನ್ರೋ ನೀವು?"

ಆರು ವರ್ಷದ ಮೇಲೆ ಆ ದನಿ. ಟೇಪಣ್ಣ ಮಿಷನ್ ಹಿಡಿದುಕೊಂಡು ನಿಂತ. ಅಕ್ಕ ಕತ್ತು ಮುಂದೆ ಚಾಚಿ, ಪರರ ಮನೆಯ ಜಗಳ ಕೇಳುವವಳಂತೆ ಕೇಳುತ್ತಿದ್ದಳು. ಹತ್ತನೇ ನಿಮಿಷದಲ್ಲಿ ಬಟ್ಟೆಯ ಮೇಲೆ ಏನೋ ಗೀಚಿ ಎಂಜಿನಿಯರಿಗೆ ತೋರಿಸಿದಳು: "ಇಲ್ಲಿ ತಪ್ಪು ಹೇಳಿದ್ದೆ. ಯಾರೂ ಕಂಡುಹಿಡೀಲಿಲ್ಲ."

ಟೇಪಣ್ಣನ ಕಣ್ಣು ತೆರೆಯ ಮೇಲಿರಲಿಲ್ಲ, ಸುತ್ತುವ ಟೇಪಿನ ಮೇಲಿತ್ತು. ಇಪ್ಪತ್ತು ನಿಮಿಷ. ಇಪ್ಪತ್ತೈದು. ರಾಜರು ಬಂದರು, ಬೈಸಿಕೊಂಡರು. ಮೂವತ್ತೊಂದನೇ ನಿಮಿಷಕ್ಕೆ ಒಂದು ಸಣ್ಣ ಕಿರ್ ಸದ್ದು. ಆಮೇಲೆ ದೊಡ್ಡದು. ತೆರೆಯ ತುಂಬ ಬಿಳಿ ಗೆರೆ ಹರಿದು ಚಿತ್ರ ಚಿಂದಿಯಾಯಿತು.

"ಹೆಡ್ ಮೆತ್ಕೊಳ್ತು! ಸ್ಟಾಪ್ ಒತ್ತು!" ಎಂಜಿನಿಯರ್ ಕೂಗಿದ. "ಒರೆಸಿ ಮತ್ತೆ ಹಾಕೋಣ, ಒತ್ತೋ!"

ಟೇಪಣ್ಣನ ಬೆರಳು ಗುಂಡಿಯ ಮೇಲೆಯೇ ಇತ್ತು. ಆ ಗುಂಡಿ ಒತ್ತುವುದಕ್ಕೆ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಅವನ ಮೈಯೆಲ್ಲ ಅದನ್ನೇ ಒತ್ತು ಎನ್ನುತ್ತಿತ್ತು. ಆದರೆ ಚಿತ್ರ ಹೋಗಿದ್ದರೂ ದನಿ ಬರುತ್ತಲೇ ಇತ್ತು. ಈ ಮಿಷನ್ನಿನಲ್ಲಿ ದನಿಯ ಹೆಡ್ ಬೇರೆ, ಅದು ಇನ್ನೂ ಮೆತ್ತಿಕೊಂಡಿರಲಿಲ್ಲ. ನಿಲ್ಲಿಸಿದರೆ ಬಿಸಿಯಾದ ಟೇಪು ತಾನು ಸುತ್ತುವ ಡ್ರಮ್ಮಿಗೆ ಅಂಟಿ ಕೂರುತ್ತದೆ, ಎಳೆದರೆ ಹರಿಯುತ್ತದೆ, ಮಿಕ್ಕ ಹದಿನಾರು ನಿಮಿಷ ಚಿತ್ರವೂ ಇಲ್ಲ, ದನಿಯೂ ಇಲ್ಲ. ನಿಲ್ಲಿಸದಿದ್ದರೆ ಚಿತ್ರ ಉಜ್ಜಿಹೋಗುತ್ತದೆ, ಮತ್ತೆ ಎಂದೂ ಸಿಗುವುದಿಲ್ಲ.

"ಒತ್ತಲ್ಲ ಸಾರ್," ಎಂದ. "ಓಡ್ಲಿ."

"ಟೇಪ್ ಹಾಳಾಗುತ್ತಯ್ಯ!"

"ಆಗ್ಲಿ ಸಾರ್. ದನಿ ಬರ್ತಿದೆ."

ಎಂಜಿನಿಯರ್ ಕೈ ಮುಂದೆ ತಂದ. ಟೇಪಣ್ಣ ಗುಂಡಿಯ ಮೇಲೆ ಎರಡೂ ಅಂಗೈ ಮುಚ್ಚಿ ಮಿಷನ್ನಿನ ಮೇಲೆ ಬೋರಲು ಬಿದ್ದ. ಹಲ್ಲು ಕಟಕಟ ಎನ್ನುತ್ತಿದ್ದವು. ಹದಿನಾರು ನಿಮಿಷ ಹಾಗೇ ಬಿದ್ದಿದ್ದ. ಕಿವಿಯ ಕೆಳಗೆ ಟೇಪು ಕಿರುಚುತ್ತಿತ್ತು, ಮೇಲಿನ ಸ್ಪೀಕರಿನಲ್ಲಿ ಕೋಳಿ ಕುರುಬರನ್ನು ಬೈಯಿತು, ಕತ್ತೆಯನ್ನು ಬೈಯಿತು, ಕೊನೆಗೆ ಕೂಸಿನ ಹತ್ತಿರ ಬಂದು, "ಥೂ, ಚಳೀಲಿ ಮಲಗಿಸಿದ್ದೀರಲ್ಲ, ನಿಮಗೇನು ಬುದ್ಧಿ ಇಲ್ವಾ? ತಗೊಳ್ಳಿ ನನ್ನ ಗೂಡು," ಎಂದು ತನ್ನ ಹುಲ್ಲು ಬಿಟ್ಟುಕೊಟ್ಟಿತು. ಟೇಪು ಕೊನೆ ಮುಟ್ಟಿ ತಾನಾಗಿ ನಿಂತಿತು. ಹೊರಗೆ ತೆಗೆದರೆ ಒಂದು ಬದಿಯ ಮೈಯೆಲ್ಲ ಕೆರೆದು ಬೋಳಾಗಿತ್ತು.

ಕ್ರಿಸ್‌ಮಸ್ ಸಂಜೆ ಐದೂಮುಕ್ಕಾಲಿಗೆ ಮೇಡಂ ಪ್ರಸಾರದ ಕೋಣೆಗೆ ಬಂದರು. ಮೂವತ್ತೊಂದು ನಿಮಿಷ ಚಿತ್ರ ಇರುತ್ತದೆ, ಆಮೇಲೆ ಕೋಳಿಯ ಒಂದು ನಿಂತ ಚಿತ್ರ ಇಟ್ಟು ದನಿ ಮಾತ್ರ ಹಾಕುವುದು ಎಂದಾಗಿತ್ತು. ಮೇಡಂ ಮೂಲೆಯ ಫೋನು ತೋರಿಸಿದರು.

"ಚಿತ್ರ ನಿಂತ ತಕ್ಷಣ ಜನ ಬೈಯೋಕೆ ಶುರು ಮಾಡ್ತಾರೆ. ಆ ಫೋನ್ ಇವತ್ತು ನೀವೇ ತಗೊಳ್ಳಿ. ಮಿಷನ್ ಕೆಟ್ಟಿತ್ತು, ಕರೆಂಟ್ ಹೋಗಿತ್ತು ಅನ್ನೋ ಹಾಗಿಲ್ಲ."

ಕೆಲಸದಿಂದ ತೆಗೆದಿದ್ದರೆ ಟೇಪಣ್ಣನಿಗೆ ಇದಕ್ಕಿಂತ ಸುಖವಾಗಿರುತ್ತಿತ್ತು. ಫೋನಿನ ಪಕ್ಕ ಸ್ಟೂಲಿನ ತುದಿಯಲ್ಲಿ ಕೂತು ತೆರೆಯ ಮೂಲೆಯ ಗಡಿಯಾರ ನೋಡತೊಡಗಿದ. ಆರು ಗಂಟೆ ಮೂವತ್ತೊಂದು ನಿಮಿಷ. ಚಿತ್ರ ನಿಂತಿತು. ಫೋನು ಹೊಡೆದುಕೊಂಡಿತು. ಎರಡು ಸಲ. ಮೂರು ಸಲ. ಬೆವರಿಗೆ ರಿಸೀವರ್ ಕೈಯಿಂದ ಜಾರಿತು, ಮತ್ತೆ ಹಿಡಿದ.

"ಯಾರ್ರೀ ಅಲ್ಲಿ?" ಒಬ್ಬ ಗಂಡಸು. "ಒಂದು ತಿಂಗಳಿಂದ ಕಾಗದ ಬರೆಸಿಕೊಂಡು ಆಸೆ ಹುಟ್ಟಿಸಿ ಈಗ ಚಿತ್ರ ನಿಲ್ಲಿಸಿದ್ದೀರಲ್ಲ, ಹಬ್ಬದ ದಿನ ಕುಡಿದು ಮಲಗಿದ್ದೀರಾ ಹೇಗೆ?"

"ಇಲ್ಲ ಸಾರ್. ಚಿತ್ರ ಇಲ್ಲ. ಹಾಳಾಗಿದೆ."

"ಹೇಗೆ ಹಾಳಾಯ್ತು?"

"ಒಂಬತ್ತು ವರ್ಷದ ಹಿಂದೆ ಕಾಪಿ ಮಾಡಬೇಕಿತ್ತು. ನಾನು ಮಾಡಲಿಲ್ಲ, ಮಾಡಿದ್ದೀನಿ ಅಂತ ಬರೆದೆ. ಹೆದರಿಕೊಂಡೆ ಸಾರ್. ತಪ್ಪು ನನ್ನದೇ."

ಆ ಮನೆಯ ಟೀವಿಯಲ್ಲಿ ಅಕ್ಕ ಕತ್ತೆಯನ್ನು ಬೈಯುತ್ತಿರುವುದು ಫೋನಿನಲ್ಲಿ ಸಣ್ಣದಾಗಿ ಕೇಳುತ್ತಿತ್ತು, ಯಾವುದೋ ಮಗು ಬಿದ್ದುಬಿದ್ದು ನಗುತ್ತಿತ್ತು.

"ದನಿ ಕೊನೆತನಕ ಇದೆಯೇನ್ರಿ?" ಎಂದ ಆ ಮನುಷ್ಯ.

"ಇದೆ ಸಾರ್. ಪೂರ್ತಿ ಇದೆ."

"ಹಾಗಾದ್ರೆ ಇಡ್ರೀ ಫೋನು. ನಿಮ್ಮ ಮಾತಿನ ಗಲಾಟೇಲಿ ಇಲ್ಲಿ ಕೋಳಿ ಬೈಯೋದು ಕೇಳಿಸ್ತಿಲ್ಲ."

ಟೇಪಣ್ಣ ಫೋನು ಇಟ್ಟ. ಇಟ್ಟ ಕೈ ಇನ್ನೂ ತೆಗೆದಿರಲಿಲ್ಲ, ಮತ್ತೆ ಹೊಡೆದುಕೊಂಡಿತು. ಅಂಗೈ ಪ್ಯಾಂಟಿಗೆ ಒರೆಸಿಕೊಂಡು ಎತ್ತಿದ.